ಹಲ್ಲಿನ ಆಸ್ಪತ್ರೆಯಲ್ಲಿ ಬ್ರಾಂಚ್ ಆಫೀಸು

ಕೈತುಂಬ ದುಡ್ಡು ಕೊಟ್ಟು ಇಂಟರ್ನೆಟ್ ಹಾಕಿಸಿಕೊಳ್ಳುವವರನ್ನು ಕಂಡರೆ ಉಳಿತಾಯಪ್ಪನಿಗೆ ಕನಿಕರ. "ಪಾಪ, ಗಾಳೀಲಿ ಬರೋದಕ್ಕೆ ಹೀಗೆ ಸುರೀತಾರಲ್ಲಪ್ಪ!" ಎಂದು ಲೊಚಗುಟ್ಟುತ್ತಿದ್ದ. ಉಳಿತಾಯಪ್ಪ ಅನ್ನುವುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ ಬಿಡಿ. ಬಣ್ಣದ ಕಂಪನಿಯ ಗೋದಾಮಿನಲ್ಲಿ ಜೊತೆಗೆ ಕೆಲಸ ಮಾಡುವವರು ಇಟ್ಟದ್ದು. ಇಂಕು ಮುಗಿದ ಪೆನ್ನನ್ನು ಉಜ್ಜಿ, ಊದಿ, ಬಿಸಿಲಿಗೆ ಇಟ್ಟು, ಅದರಿಂದ ಇನ್ನೊಂದು ಪುಟ ಬರೆಸುವ ಮನುಷ್ಯನಿಗೆ ಬೇರೆ ಯಾವ ಹೆಸರು ಇಡಬೇಕಿತ್ತು, ನೀವೇ ಹೇಳಿ.

ಇಂಥವನಿಗೆ ಆ ವರ್ಷ ಎರಡು ಭಾಗ್ಯ ಒಟ್ಟಿಗೆ ಒಲಿದವು. ಮೊದಲನೆಯದು, ಕಂಪನಿಯವರು ಹಳೆಯದಾಯಿತೆಂದು ಹರಾಜಿಗೆ ಹಾಕಿದ ಲ್ಯಾಪ್‌ಟಾಪ್. ಎತ್ತಿದರೆ ರುಬ್ಬುವ ಕಲ್ಲಿನ ಭಾರ, ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಪ್ಲಗ್ಗಿಗೆ ಹಾಕಿದ್ದರೆ ಜೀವ, ಕಿತ್ತರೆ ಶವ. ಎರಡನೆಯದು, ಬಸ್ ನಿಲ್ದಾಣದ ಮುಂದೆ ಬಣ್ಣದ ಕೊಡೆ ಬಿಡಿಸಿಕೊಂಡು ಕೂತ ಒಬ್ಬ ಮಾರಾಟಗಾರ ಕೊಟ್ಟ ಡಾಂಗಲ್. ಬೆರಳುದ್ದದ ಕಡ್ಡಿ. ಅದನ್ನು ಲ್ಯಾಪ್‌ಟಾಪಿನ ಪಕ್ಕೆಗೆ ಚುಚ್ಚಿದರೆ ಸಾಕು, ಎಲ್ಲಿದ್ದರೂ ಇಂಟರ್ನೆಟ್ಟು, ಅದೂ ವರ್ಷವಿಡೀ, ಬೇರೆಯವರು ತಿಂಗಳಿಗೆ ಕೊಡುವ ದುಡ್ಡಿನಲ್ಲಿ.

"ಕಂಪನಿ ಹೆಸರು ಯಾವತ್ತೂ ಕೇಳಿಲ್ಲವಲ್ಲಪ್ಪ?" ಎಂದು ಉಳಿತಾಯಪ್ಪ ಒಮ್ಮೆ ಅನುಮಾನಪಟ್ಟದ್ದು ನಿಜ.

"ಹೆಸರು ಕೇಳೋ ಹಾಗೆ ಮಾಡೋಕೆ ಜಾಹೀರಾತಿಗೆ ದುಡ್ಡು ಸುರೀಬೇಕು ಸಾರ್. ನಾವು ಅದನ್ನ ಉಳಿಸಿ ನಿಮಗೇ ಕೊಡ್ತೀವಿ," ಎಂದ ಕೊಡೆಯವನು.

ಉಳಿಸುವುದು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಉಳಿತಾಯಪ್ಪನ ತಲೆಯಲ್ಲಿ ಅನುಮಾನಕ್ಕೆ ಜಾಗ ಎಲ್ಲಿಂದ ಬರಬೇಕು? ತಕ್ಷಣ ಕೊಂಡ. ಅವನ ಪೇಟೆಯಲ್ಲಿ ಅದು ಚೆನ್ನಾಗಿಯೇ ನಡೆಯಿತು ಅನ್ನಿ.

ಇಷ್ಟರಲ್ಲಿ ಮಾವನವರಿಗೆ ಕಣ್ಣಿನ ಆಪರೇಷನ್ ನಿಗದಿಯಾಯಿತು. "ಒಂದು ವಾರ ಅಮ್ಮನ ಮನೇಲಿ ಇರಲೇಬೇಕು, ನೀವೂ ಬರಲೇಬೇಕು," ಎಂದು ಹೆಂಡತಿ ಪಟ್ಟು ಹಿಡಿದಳು. ಆದರೆ ಅದೇ ವಾರ ಕಂಪನಿಯಲ್ಲಿ ಭಾರೀ ಸಂಗತಿ. ಹೊಸ ಡಿಪೋ ಒಂದು ತೆರೆಯಲಿತ್ತು, ಶುಕ್ರವಾರದ ಮೀಟಿಂಗಿನಲ್ಲಿ ಅದರ ಮೇಲ್ವಿಚಾರಕನನ್ನು ಆರಿಸುವುದಿತ್ತು. ಆ ಕುರ್ಚಿಗೆ ಇಬ್ಬರ ಕಣ್ಣು: ಒಂದು ಉಳಿತಾಯಪ್ಪನದು, ಇನ್ನೊಂದು ಬಿಲ್ಲಿಂಗ್ ವಿಭಾಗದ ಬೆಣ್ಣೆಮಾತಿನವನದು. ಬೆಣ್ಣೆಮಾತಿನವನು ಮೇಲ್ವಿಚಾರಕನಾದರೆ ತಾನು ಅವನ ಕೈಕೆಳಗೆ ಡಬ್ಬ ಎಣಿಸಿಕೊಂಡೇ ನಿವೃತ್ತನಾಗಬೇಕು. ಅದನ್ನು ನೆನೆಸಿಕೊಂಡರೇ ಉಳಿತಾಯಪ್ಪನಿಗೆ ಅನ್ನ ಇಳಿಯುತ್ತಿರಲಿಲ್ಲ. ಅವನ ಕನಸಿನಲ್ಲಿ ಆ ಡಿಪೋ ಪೇಟೆಯ ದೊಡ್ಡ ರಸ್ತೆಯಲ್ಲಿತ್ತು, ಅದರೊಳಗೆ ಗಾಜಿನ ಕ್ಯಾಬಿನ್ನು, ಕ್ಯಾಬಿನ್ನಿನಲ್ಲಿ ತಿರುಗುವ ಕುರ್ಚಿ.

ರಜೆ ಕೇಳಲು ಹೋದಾಗ ಮ್ಯಾನೇಜರ್ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ಈ ವಾರವೇ ರಜೆನಾ? ಶುಕ್ರವಾರ ದಾಸ್ತಾನಿನ ವರದಿ ಯಾರ್ರೀ ಒಪ್ಪಿಸೋದು?"

"ನಾನೇ ಸಾರ್. ಎಲ್ಲಿದ್ದರೂ ಕೆಲಸ ಮಾಡೋ ವ್ಯವಸ್ಥೆ ಮಾಡ್ಕೊಂಡಿದ್ದೀನಿ. ವಿಡಿಯೋದಲ್ಲಿ ಬರ್ತೀನಿ."

"ಕಂಪನಿ ಖರ್ಚು?"

"ಒಂದು ಪೈಸೆ ಇಲ್ಲ ಸಾರ್."

ಸಾಹೇಬರ ಮುಖ ಅರಳಿತು. ಉಳಿತಾಯದ ವಿಷಯದಲ್ಲಿ ಅವರು ಉಳಿತಾಯಪ್ಪನಿಗೇ ಗುರು. ರಜೆ ಮಂಜೂರಾಯಿತು.

ಅತ್ತೆಮನೆಗೆ ಬಂದ ಮೊದಲ ರಾತ್ರಿಯ ಊಟಕ್ಕೆ ಷಡ್ಡಕನೂ ಕೂತಿದ್ದ. ಉಳಿತಾಯಪ್ಪನ ನಾದಿನಿಯ ಗಂಡ. ಅದೇ ಮನೆಯ ಮಹಡಿಯ ಮೇಲೆ ಸಂಸಾರ, ಟೈಲ್ಸ್ ಅಂಗಡಿ, ಖರ್ಚಿಗೆ ಹಿಂದೆಮುಂದೆ ನೋಡದ ಕೈ. "ಭಾವ, ಲ್ಯಾಪ್‌ಟಾಪ್ ತಂದಿದ್ದೀರಂತೆ. ಮೇಲೆ ವೈ-ಫೈ ಇದೆ, ಪಾಸ್‌ವರ್ಡ್ ಕೊಡಲಾ?" ಎಂದು ಒಳ್ಳೆಯ ಮನಸ್ಸಿನಿಂದಲೇ ಕೇಳಿದ.

ಅಲ್ಲಿಗೆ "ಕೊಡಪ್ಪ" ಅಂದುಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿದು ನಮ್ಮ ನಿಮ್ಮ ಸಮಯ ಉಳಿಯುತ್ತಿತ್ತು. ಆದರೆ ಉಳಿತಾಯಪ್ಪ ಕೇಳಿದ್ದು, "ತಿಂಗಳಿಗೆ ಎಷ್ಟು ಕೊಡ್ತೀಯ?" ಷಡ್ಡಕ ಹೇಳಿದ. ಉಳಿತಾಯಪ್ಪ ತುತ್ತನ್ನು ತಟ್ಟೆಗೇ ಹಾಕಿ ನಕ್ಕ. ಎಂಥಾ ನಗು ಅಂತೀರಿ! ಆಪರೇಷನ್ನಿಗೆ ಮೊದಲು ವಿಶ್ರಾಂತಿಗೆಂದು ಮಲಗಿದ್ದ ಮಾವನವರು ಒಳಗಿನಿಂದ "ಏನಾಯ್ತು?" ಎಂದು ಕೂಗಿದರು. "ನಿನ್ನನ್ನ ಚೆನ್ನಾಗಿ ಬೋಳಿಸ್ತಿದ್ದಾರೆ ಕಣಯ್ಯ," ಎಂದು ಜೇಬಿನಿಂದ ಡಾಂಗಲ್ ತೆಗೆದು ನೀರಿನ ಲೋಟದ ಪಕ್ಕ ನಿಲ್ಲಿಸಿದ. "ಇದು ನೋಡು. ಜುಜುಬಿ ದುಡ್ಡು. ನಿನ್ನ ವೈ-ಫೈ ನೀನೇ ಇಟ್ಕೋ. ನಾನು ಇನ್ನೊಬ್ಬರ ಹಂಗಿನಲ್ಲಿ ಇಂಟರ್ನೆಟ್ ನೋಡೋನಲ್ಲ."

ಷಡ್ಡಕನ ಮುಖ ಇಷ್ಟಾಯಿತು. ಹೆಂಡತಿ ಮೇಜಿನ ಕೆಳಗೆ ಕಾಲು ತುಳಿದಳು. ಅವಳು ತುಳಿದದ್ದು ಅಭಿಮಾನದಿಂದ ಎಂದೇ ಉಳಿತಾಯಪ್ಪ ತಿಳಿದುಕೊಂಡ.

ಬೆಳಿಗ್ಗೆ ಲ್ಯಾಪ್‌ಟಾಪಿಗೆ ಉದ್ದನೆಯ ವೈರು ಸಿಕ್ಕಿಸಿಕೊಂಡು ಡಾಂಗಲ್ ಚುಚ್ಚಿದ. ಕೆಂಪು ದೀಪ ಮಿಣುಕಿತು, ಆರಿತು. ಹಾಲಿನಲ್ಲಿ ಇಲ್ಲ, ಅಡುಗೆಮನೆಯಲ್ಲಿ ಇಲ್ಲ, ಹಿತ್ತಿಲಲ್ಲಿ ಇಲ್ಲ. ಬಚ್ಚಲುಮನೆಯ ಕಿಟಕಿಯಲ್ಲಿ ಒಂದು ಗೆರೆ ಬಂತು, ಆದರೆ ಅಲ್ಲಿ ಕೂರಲು ಜಾಗ ಇರಲಿಲ್ಲ, ಹೊರಗೆ ನಾದಿನಿ ಬಕೆಟ್ ಹಿಡಿದು ಬಾಗಿಲು ಬಡಿಯುತ್ತಿದ್ದಳು. ಡಾಂಗಲ್ ಕಂಪನಿಗೆ ಫೋನು ಮಾಡಿದರೆ ಒಬ್ಬಾಕೆ ಜೇನಿನಂಥ ದನಿಯಲ್ಲಿ, "ಆ ಊರಿನಲ್ಲಿ ನಮ್ಮದು ಒಂದೇ ಟವರ್ ಇದೆ ಸಾರ್. ದಯವಿಟ್ಟು ಅದರ ಹತ್ತಿರ ವಾಸ ಮಾಡಿ," ಅಂದಳು.

ಮಹಡಿಯ ಮೇಲೆ ಷಡ್ಡಕನ ವೈ-ಫೈ ಧಾರಾಳವಾಗಿ ಹರಿಯುತ್ತಿತ್ತು. ಆದರೆ ನಿನ್ನೆ ರಾತ್ರಿ ನಕ್ಕ ನಗು ಇನ್ನೂ ಗೋಡೆಗಳಿಗೆ ಅಂಟಿಕೊಂಡಿತ್ತಲ್ಲ, ಯಾವ ಮುಖ ಹೊತ್ತು ಕೇಳುವುದು? "ಆಫೀಸ್ ಕೆಲಸ, ಹೊರಗೆ ಹೋಗಿ ಬರ್ತೀನಿ," ಎಂದು ರುಬ್ಬುವ ಕಲ್ಲನ್ನು ಹೆಗಲಿಗೆ ಹಾಕಿಕೊಂಡು ಹೊರಟ.

ಟವರೇನೋ ಸಿಕ್ಕಿತು. ಪೇಟೆಬೀದಿಯ ತುದಿಯಲ್ಲಿ, ಬೀಗದ ಅಂಗಡಿಯ ನೆತ್ತಿಯ ಮೇಲೆ ನಿಂತಿತ್ತು. ಬೀಗದ ಅಂಗಡಿಯಲ್ಲಿ ಕೂರಲು ಸ್ಟೂಲೂ ಇರಲಿಲ್ಲ. ಪಕ್ಕದ ಬ್ಯಾಂಕಿನ ಕಾವಲುಗಾರ, ಪ್ಲಗ್ ಎಲ್ಲಿದೆ ಎಂದು ಗೋಡೆ ತಡವುತ್ತಿದ್ದ ಉಳಿತಾಯಪ್ಪನನ್ನು ಕಂಡು ದೊಣ್ಣೆ ಎತ್ತಿಕೊಂಡ. ಬೇಕರಿಯವನು, "ಕರೆಂಟ್ ಬೇಕಾದ್ರೆ ಗಂಟೆಗೊಂದು ಕೇಕ್ ತಿನ್ನಬೇಕು," ಎಂದ. ಆಗ ಕಣ್ಣಿಗೆ ಬಿದ್ದದ್ದು ಎದುರುಗಡೆಯ ಹಲ್ಲಿನ ಆಸ್ಪತ್ರೆ. ತಂಪಾದ ಕಾಯುವ ಕೋಣೆ, ಸಾಲಾಗಿ ಕುರ್ಚಿ. ಕಿಟಕಿ ಪಕ್ಕದ ಮೂಲೆ ಕುರ್ಚಿಯ ಹಿಂದೆ ಗೋಡೆಯಲ್ಲಿ, ದೇವರೇ ಇಟ್ಟ ಹಾಗೆ, ಪ್ಲಗ್ಗು. ಕುಳಿತು ಚುಚ್ಚಿದ. ಹಸಿರು ದೀಪ! ಎಲ್ಲ ಗೆರೆಗಳೂ ತುಂಬಿ ನಿಂತವು. ಉಳಿತಾಯಪ್ಪನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ನೋವು ಜಾಸ್ತಿನಾ?" ಎಂದು ಕೌಂಟರಿನಲ್ಲಿ ಕುಳಿತವಳು ಕೇಳಿದಳು.

ಇಲ್ಲ ಎಂದರೆ ಎದ್ದು ಹೋಗಬೇಕು. "ಹೂಂ ಕಣಮ್ಮ, ತುಂಬಾ," ಎಂದ ಉಳಿತಾಯಪ್ಪ, ಕೆನ್ನೆಗೆ ಕೈ ಹಚ್ಚಿಕೊಂಡು. ಅವಳು ಹೆಸರು ಬರೆದುಕೊಂಡು ಚೀಟಿ ಕೊಟ್ಟಳು.

ತನ್ನ ಸರದಿ ಬಂದಾಗ ಸುತ್ತ ನೋಡಿದ. ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಹೊಸ ಹಲ್ಲುಸೆಟ್ಟು ಬಾಯಿಗೆ ಹೊಂದುತ್ತಿಲ್ಲವೆಂದು ಅದನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ದಿನಾ ಅರ ಹಾಕಿಸಲು ಬರುವವರು. "ಅಜ್ಜೀ, ನೀವು ಮುಂದೆ ಹೋಗಿ. ನನ್ನದೇನು, ಸಹಿಸ್ಕೋತೀನಿ," ಎಂದ. ಆಮೇಲೆ ಬಂದ ಲಾರಿ ಡ್ರೈವರಿಗೂ ಅದೇ ಮಾತು. ಅವನ ಹಿಂದೆ ಬಂದ ಟೀಚರಮ್ಮನಿಗೂ ಅದೇ. ಸಂಜೆ ಆಸ್ಪತ್ರೆ ಮುಚ್ಚುವ ಹೊತ್ತಿಗೆ ದಾಸ್ತಾನಿನ ಪಟ್ಟಿ ಅರ್ಧ ಮುಗಿದಿತ್ತು, ಮತ್ತು ಕಾಯುವ ಕೋಣೆಯಲ್ಲಿ ಉಳಿತಾಯಪ್ಪ ಮಹಾತ್ಮನಾಗಿದ್ದ. "ಇಷ್ಟು ನೋವಿಟ್ಟುಕೊಂಡು ಬೇರೆಯವರಿಗೆ ಬಿಟ್ಟುಕೊಡ್ತಾರಲ್ಲ, ಈಗಿನ ಕಾಲದಲ್ಲಿ ಯಾರಿದ್ದಾರೆ ಇಂಥೋರು!" ಎಂದು ಅಜ್ಜಿ ಬೊಚ್ಚುಬಾಯಲ್ಲೇ ಹೊಗಳಿದರು.

ಮಾರನೆಯ ದಿನ ಮ್ಯಾನೇಜರ್ ಸಾಹೇಬರೇ ವಿಡಿಯೋದಲ್ಲಿ ಪ್ರತ್ಯಕ್ಷರಾದರು. "ಎಲ್ಲಿದ್ದೀರಿ? ಹಿಂದೆ ಅಷ್ಟೊಂದು ಜನ ಕೂತಿದ್ದಾರಲ್ಲ?"

ಉಳಿತಾಯಪ್ಪನ ಬಾಯಿಂದ ಸುಳ್ಳು ತಾನಾಗಿಯೇ ಜಾರಿತು. "ಇಲ್ಲೇ ಒಂದು ಸಣ್ಣ ಆಫೀಸ್ ಮಾಡ್ಕೊಂಡಿದ್ದೀನಿ ಸಾರ್."

"ಅವರೆಲ್ಲ?"

"ಅದು... ಸಿಬ್ಬಂದಿ ಸಾರ್. ಊರಿನೋರು. ಸಂಬಳ ಗಿಂಬಳ ಏನಿಲ್ಲ, ಅಭಿಮಾನದಿಂದ ಬರ್ತಾರೆ."

ಸಾಹೇಬರು ಪರದೆಗೆ ಮೂಗು ತಾಗಿಸಿದರು. "ಎಲ್ಲರೂ ಯಾಕ್ರೀ ಕೆನ್ನೆ ಮೇಲೆ ಕೈ ಇಟ್ಕೊಂಡು ಕೂತಿದ್ದಾರೆ?"

ಉಳಿತಾಯಪ್ಪ ತಿರುಗಿ ನೋಡಿದ. ನಿಜ. ಒಂದು ಸಾಲಿಗೆ ಸಾಲೇ ಕೆನ್ನೆ ಹಿಡಿದುಕೊಂಡು, ಹುಬ್ಬು ಗಂಟಿಕ್ಕಿ, ನೆಲ ನೋಡುತ್ತಿತ್ತು. "ಯೋಚನೆ ಮಾಡ್ತಿದ್ದಾರೆ ಸಾರ್. ಹಸಿರು ಬಣ್ಣದ ಡ್ರಮ್ಮುಗಳು ಯಾಕೆ ಮಾರಾಟ ಆಗ್ತಿಲ್ಲ ಅಂತ."

ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಗದ್ಗದ ದನಿಯಲ್ಲಿ, "ನಮ್ಮ ಆಫೀಸಿನಲ್ಲಿ ಹೀಗೆ ಯೋಚಿಸೋ ಒಬ್ಬನೇ ಒಬ್ಬನನ್ನ ನಾನು ನೋಡಿಲ್ಲ ಕಣ್ರೀ," ಎಂದರು. ಅಷ್ಟರಲ್ಲಿ ಒಳಗಿನಿಂದ ಯಾರೋ ಪ್ರಾಣ ಹೋದವರಂತೆ ಚೀರಿದರು. "ಅದೇನದು?"

"ಮಾರಾಟ ವಿಭಾಗ ಸಾರ್. ಈ ತಿಂಗಳ ಟಾರ್ಗೆಟ್ ಹೇಳಿದ್ವಿ."

"ಭೇಷ್!" ಎಂದರು ಸಾಹೇಬರು. "ಟಾರ್ಗೆಟ್ ಅಂದ್ರೆ ಹಾಗೇ ಮುಟ್ಟಬೇಕು."

ಕರೆ ಮುಗಿದ ಮೇಲೆ ಉಳಿತಾಯಪ್ಪ ಬೆವರು ಒರೆಸಿಕೊಂಡು ನೋಡಿದರೆ ಕೋಣೆಗೆ ಕೋಣೆಯೇ ಅವನನ್ನು ನೋಡುತ್ತಿತ್ತು. ನಾಚಿಕೆಯಿಂದ ಕುಗ್ಗಿಹೋದ. ಇದ್ದದ್ದನ್ನು ಇದ್ದ ಹಾಗೆ ಹೇಳಿಕೊಂಡ: ಡಿಪೋ, ಬೆಣ್ಣೆಮಾತಿನವನು, ಶುಕ್ರವಾರದ ಮೀಟಿಂಗು. ಡಾಂಗಲ್ಲಿನ ವಿಷಯ ಮಾತ್ರ ಬಿಟ್ಟ. ಹಲ್ಲುನೋವು ಸುಳ್ಳೆಂದು ಗೊತ್ತಾದರೆ ಕುರ್ಚಿ ಹೋದೀತು. ಕೇಳಿದವರಿಗೆ ಕರುಳು ಚುರುಕ್ ಎಂದಿತು. ಇಷ್ಟು ನೋವಿನಲ್ಲೂ ಆಫೀಸ್ ಕೆಲಸ! "ಹೆದರಬೇಡಿ ಕಣಪ್ಪ," ಎಂದರು ಅಜ್ಜಿ. "ನೀವು ನಮಗೆ ಸರದಿ ಬಿಟ್ಟುಕೊಟ್ಟೋರು. ಶುಕ್ರವಾರ ನಾವೆಲ್ಲ ಬರ್ತೀವಿ. ಸಿಬ್ಬಂದಿ ಅಂದ್ರೆ ಸಿಬ್ಬಂದಿ." ಲಾರಿ ಡ್ರೈವರು ತನಗೆ ಯಾವ ಹುದ್ದೆ ಎಂದು ವಿಚಾರಿಸಿದ. ಸಾಗಾಟ ವಿಭಾಗ ಎಂದು ತೀರ್ಮಾನವಾಯಿತು.

ಊರೆಂದ ಮೇಲೆ ಸುದ್ದಿಗೆ ಕಾಲು ಬರದೆ ಇರುತ್ತದೆಯೇ? ಟೀಚರಮ್ಮ ಅತ್ತೆಯ ಮನೆಯ ಹಿಂದಿನ ಬೀದಿಯವರು. ಸಂಜೆ ಉಳಿತಾಯಪ್ಪ ಹಸಿದು ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕಣ್ಣೀರಿಟ್ಟುಕೊಂಡು ನಿಂತಿದ್ದರು. "ಅಳಿಯಂದ್ರೇ, ಇಷ್ಟು ನೋವಿದೆ ಅಂತ ಒಂದು ಮಾತು ಹೇಳಬಾರದಿತ್ತಾ? ನಾವೇನು ಹೊರಗಿನೋರಾ?"

"ಅಯ್ಯೋ, ಏನಿಲ್ಲ ಅತ್ತೆ..."

"ನೋಡಮ್ಮ, ಹೀಗೇ ಮುಚ್ಚಿಡೋದು!" ಎಂದು ಹೆಂಡತಿಯೂ ಮೂಗು ಒರೆಸಿಕೊಂಡಳು. ಅವಳಿಗೆ ನಿಜ ಹೇಳಿಬಿಡೋಣವೆಂದು ಉಳಿತಾಯಪ್ಪ ಬಾಯಿ ತೆರೆದ. ಆದರೆ ಅವಳ ಹಿಂದೆ ಮೆಟ್ಟಿಲಿನ ಮೇಲೆ ಷಡ್ಡಕ ನಿಂತಿದ್ದ. ತೆರೆದ ಬಾಯಿಂದ "ಅಮ್ಮಾ!" ಎಂಬ ನರಳಾಟ ಬಂತು.

ಅಂದಿನಿಂದ ಅವನ ಊಟದ ಕಥೆ ಕೇಳಬೇಡಿ. ಎಲ್ಲರ ತಟ್ಟೆಯಲ್ಲಿ ಹುರಿದದ್ದು, ಕರಿದದ್ದು, ಕುರುಕಲು. ಅವನ ತಟ್ಟೆಯಲ್ಲಿ ಬೇಯಿಸಿ ಹಿಸುಕಿದ ತರಕಾರಿ ಮತ್ತು ಕಿವುಚಿದ ಬಾಳೆಹಣ್ಣು. ಎದುರಿಗೆ ಕೂತ ಷಡ್ಡಕ ಕರುಮ್ ಕುರುಮ್ ಎಂದು ಅಗಿಯುತ್ತ, "ಭಾವ, ನಿಮ್ಮ ಇಂಟರ್ನೆಟ್ ಹೇಗಿದೆ?" ಎಂದು ಕೇಳುತ್ತಿದ್ದ.

"ಫಸ್ಟ್ ಕ್ಲಾಸ್," ಎಂದು ಉಳಿತಾಯಪ್ಪ ಬಾಳೆಹಣ್ಣು ನುಂಗುತ್ತಿದ್ದ.

ಉಳಿದ ದಿನಗಳೂ ಆ ಕುರ್ಚಿಯಲ್ಲೇ ಕಳೆದವು. ವರದಿ ಸಿದ್ಧವಾಯಿತು. ಅದನ್ನು ಅವನು ಗಟ್ಟಿಯಾಗಿ ಓದಿ ಓದಿ ಅಭ್ಯಾಸ ಮಾಡಿದ. ಸಿಬ್ಬಂದಿ ಗಮನವಿಟ್ಟು ಕೇಳಿತು. ಬಿಳಿ ಬಣ್ಣ ಎಷ್ಟು ಡ್ರಮ್ಮು, ನೀಲಿ ಎಷ್ಟು ಡಬ್ಬ, ಮಳೆನೀರಿಗೆ ಮುಚ್ಚಳ ತುಕ್ಕು ಹಿಡಿದದ್ದು ಯಾವ ಮೂಲೆಯಲ್ಲಿ, ಎಲ್ಲ ಅಜ್ಜಿಗೆ ಬಾಯಿಪಾಠ. ತಪ್ಪಿದರೆ ತಿದ್ದುತ್ತಿದ್ದರು ಕೂಡ.

ಇತ್ತ ಒಳಗಿನ ಕೋಣೆಯಲ್ಲಿ ಡಾಕ್ಟರಿಗೆ ನಿದ್ದೆ ಹತ್ತದ ಹಾಗಾಗಿತ್ತು. 'ನೋವಿಲ್ಲದ ಚಿಕಿತ್ಸೆ' ಎಂದು ಹೊರಗೆ ಆಳೆತ್ತರದ ಬೋರ್ಡು ಹಾಕಿಕೊಂಡ ಮನುಷ್ಯ ಅವರು. ಆ ಬೋರ್ಡಿನ ಕೆಳಗೇ ಒಬ್ಬ ರೋಗಿ ದಿನಗಟ್ಟಲೆ ಕೂತಿದ್ದಾನೆ, ಸರದಿ ಬಂದಾಗಲೆಲ್ಲ ಬೇರೆಯವರನ್ನು ಮುಂದೆ ದೂಡುತ್ತಾನೆ, ಒಳಗೆ ಮಾತ್ರ ಕಾಲಿಡುವುದಿಲ್ಲ. ಊರು ಏನೆಂದುಕೊಂಡೀತು? ಡಾಕ್ಟರ ಕೈ ಕಟುಕರ ಕೈ ಎಂದು ತಾನೇ? ಎದುರುಬೀದಿಯಲ್ಲಿ ಇನ್ನೊಬ್ಬ ಹಲ್ಲಿನ ಡಾಕ್ಟರು ಬೇರೆ ಅಂಗಡಿ ತೆರೆದಿದ್ದ. ಇದನ್ನು ಹೀಗೇ ಬಿಡುವಂತಿರಲಿಲ್ಲ.

ಶುಕ್ರವಾರ ಬಂತು. ಮಧ್ಯಾಹ್ನ ಮೀಟಿಂಗು. ಉಳಿತಾಯಪ್ಪ ಇಸ್ತ್ರಿ ಅಂಗಿ ತೊಟ್ಟು, ತಲೆ ಬಾಚಿ, ಬೆಳಿಗ್ಗೆಯೇ ಮೂಲೆ ಕುರ್ಚಿ ಹಿಡಿದ. ಸಿಬ್ಬಂದಿಯೂ ಬಂದಿತ್ತು, ಅಜ್ಜಿಯ ಬಾಯಲ್ಲಿ ಹಲ್ಲುಸೆಟ್ಟು ಕೂಡ. ಎಲ್ಲ ಸರಿಯಾಗಿತ್ತು. ಮೀಟಿಂಗಿಗೆ ಇನ್ನು ಸ್ವಲ್ಪ ಹೊತ್ತಿದೆ ಅನ್ನುವಾಗ ಹೊರಬಾಗಿಲಿನಿಂದ ಅತ್ತೆಯೂ ಹೆಂಡತಿಯೂ, ಒಳಬಾಗಿಲಿನಿಂದ ಡಾಕ್ಟರೂ ಒಂದೇ ಸಲಕ್ಕೆ ಕಾಣಿಸಿಕೊಂಡರು.

"ಡಾಕ್ಟ್ರೇ, ಇವರೇ ನಮ್ಮ ಅಳಿಯಂದ್ರು," ಎಂದರು ಅತ್ತೆ. "ಭಯ ಸ್ವಲ್ಪ ಜಾಸ್ತಿ. ನಿನ್ನೆ ಫೋನಿನಲ್ಲಿ ಹೇಳಿದ್ದೆನಲ್ಲ."

"ಏಳಿ ಸ್ವಾಮಿ," ಎಂದರು ಡಾಕ್ಟರು.

"ಇವತ್ತು ಬೇಡ ಡಾಕ್ಟ್ರೇ. ನೋವೇ ಇಲ್ಲ ಈಗ."

"ನೋವಿಲ್ಲದೋರಿಗೆ ಇಲ್ಲೇನು ಕೆಲಸ? ಆ ಪ್ಲಗ್ ಕಿತ್ತು ಮನೆಗೆ ಹೊರಡಿ. ಇದೇನು ಛತ್ರವಾ?"

ಉಳಿತಾಯಪ್ಪ ಅಡಕತ್ತರಿಯಲ್ಲಿ ಸಿಕ್ಕ. ನೋವಿಲ್ಲ ಎಂದರೆ ಪ್ಲಗ್ ಹೋಯಿತು, ಪ್ಲಗ್ ಹೋದರೆ ಡಿಪೋ ಹೋಯಿತು, ಡಿಪೋ ಹೋದರೆ ಬೆಣ್ಣೆಮಾತಿನವನ ಕೈಕೆಳಗೆ ಬದುಕು. "ಇದೆ," ಎಂದು ಉಸುರಿದ. "ನೋವಿದೆ." ಅತ್ತೆ ಒಂದು ರಟ್ಟೆ ಹಿಡಿದರು, ಹೆಂಡತಿ ಇನ್ನೊಂದು.

"ಯಾವ ಹಲ್ಲು?" ಎಂದರು ಡಾಕ್ಟರು, ಒಳಗೆ ಕೂರಿಸಿ ದೀಪ ಹಾಕಿ.

ಎಂಥಾ ಪ್ರಶ್ನೆ! ಇದ್ದಬದ್ದ ಹಲ್ಲೆಲ್ಲ ಗಟ್ಟಿಮುಟ್ಟು. ಒಂದನ್ನಾದರೂ ಬಿಟ್ಟುಕೊಡಲೇಬೇಕಲ್ಲ, ಯಾವುದನ್ನು ಕೊಟ್ಟರೆ ನಷ್ಟ ಕಡಿಮೆ? ಇಂಥ ಹೊತ್ತಿನಲ್ಲೂ ಉಳಿತಾಯಪ್ಪನ ಬುದ್ಧಿ ಕೈಕೊಡಲಿಲ್ಲ ನೋಡಿ. ಮುಂದಿನವು ನಗಲು ಬೇಕು, ನಡುವಿನವು ಅಗಿಯಲು ಬೇಕು. ತೀರಾ ಹಿಂದಿನ, ಮೂಲೆಯಲ್ಲಿ ಕೆಲಸವಿಲ್ಲದೆ ಕೂತದ್ದು ಒಂದಿತ್ತು. ಅದನ್ನೇ ಬೆರಳಿಟ್ಟು ತೋರಿಸಿದ.

ಡಾಕ್ಟರು ಕುಟ್ಟಿದರು. "ನೋವಾ?"

"ಹಾ," ಎಂದ ಬಡಪಾಯಿ.

"ಅದೇ ಅಂದ್ಕೊಂಡೆ. ಅಡ್ಡಡ್ಡ ಬೆಳೆದಿದೆ. ತೆಗೆದುಬಿಡೋಣ, ಮುಂದೆ ಪಕ್ಕದ್ದನ್ನೂ ಕೆಡಿಸುತ್ತೆ." ಸೂಜಿ ಚುಚ್ಚಿದರು, ಇಕ್ಕಳ ಹಿಡಿದರು. ನೋವಿಲ್ಲದ ಚಿಕಿತ್ಸೆ ಅನ್ನುವ ಮಾತು ಸುಳ್ಳಲ್ಲ, ಡಾಕ್ಟರಿಗೆ ಒಂದಿಷ್ಟೂ ನೋವಾಗಲಿಲ್ಲ. ಹಲ್ಲು ಟ್ರೇಯಲ್ಲಿ ಟಣ್ ಎಂದಿತು. ಹೊಲಿಗೆ ಹಾಕಿ, ಬಾಯಿಗೆ ಹತ್ತಿ ತುರುಕಿ, "ಗಟ್ಟಿಯಾಗಿ ಕಚ್ಚಿಕೊಳ್ಳಿ. ನಾನು ಹೇಳೋವರೆಗೆ ಬಾಯಿ ತೆಗೆದ್ರೆ ರಕ್ತ ನಿಲ್ಲಲ್ಲ, ಜೋಕೆ," ಎಂದರು.

ತೂರಾಡುತ್ತ ಮೂಲೆ ಕುರ್ಚಿಗೆ ಬಂದು ಬಿದ್ದಾಗ ಪರದೆಯ ಮೇಲೆ ಆಗಲೇ ಮ್ಯಾನೇಜರ್ ಸಾಹೇಬರು, ಅವರ ಸುತ್ತ ಇಡೀ ಕಂಪನಿ. ಬೆಣ್ಣೆಮಾತಿನವನು ತನ್ನ ಭಾಷಣ ಮುಗಿಸಿ, ಗೆದ್ದ ಮುಖ ಮಾಡಿಕೊಂಡು ಕೂತಿದ್ದ.

"ಹೂಂ, ಶುರು ಮಾಡ್ರೀ," ಎಂದರು ಸಾಹೇಬರು.

ಉಳಿತಾಯಪ್ಪ ಬಾಯಿ ಮುಚ್ಚಿಕೊಂಡು ಕಣ್ಣು ಕಣ್ಣು ಬಿಟ್ಟ.

"ಯಾಕ್ರೀ ಸುಮ್ಮನಿದ್ದೀರಿ? ವರದಿ ಎಲ್ಲಿ?"

"ಅಷ್ಟೇ ಅಲ್ವಾ, ಹೇಳ್ತೀವಿ ಬಿಡಿ ಸಾರ್," ಎಂದು ಅಜ್ಜಿ ಕುರ್ಚಿ ಸಮೇತ ಮುಂದೆ ಜರುಗಿದರು. "ನಮ್ಮ ಸಾಹೇಬರು ಸಣ್ಣಪುಟ್ಟದಕ್ಕೆಲ್ಲ ಬಾಯಿ ಬಿಡಲ್ಲ. ಯಾವುದಕ್ಕೂ ಬೇರೆಯೋರನ್ನ ಮುಂದೆ ಬಿಟ್ಟು ತಾವು ಹಿಂದೆ ನಿಲ್ಲೋರು." ಆಮೇಲೆ ಬಿಳಿಯಿಂದ ಹಿಡಿದು ನೀಲಿಯವರೆಗೆ, ಡ್ರಮ್ಮು ಡಬ್ಬ ತುಕ್ಕು ಸಮೇತ, ಉಸಿರು ಕಟ್ಟಿ ಒಪ್ಪಿಸಿದರು. ಹಲ್ಲುಸೆಟ್ಟು ನಡುವೆ ಒಮ್ಮೆ ಜಾರಿತು, ಅಂಗೈಯಿಂದ ತಳ್ಳಿ ಮುಂದುವರಿಸಿದರು. ಸಾಗಾಟದ ಪ್ರಶ್ನೆಗೆ ಲಾರಿ ಡ್ರೈವರು ಎದ್ದು ನಿಂತು, ಯಾವ ರಸ್ತೆಯಲ್ಲಿ ಎಷ್ಟು ಗುಂಡಿ ಎಂದು ವಿವರಿಸಿದ.

"ಹಸಿರು ಬಣ್ಣ ಯಾಕೆ ಹೋಗ್ತಿಲ್ಲ?" ಸಾಹೇಬರು ಕೊನೆಯ ಬಾಣ ಬಿಟ್ಟರು. ಉಳಿತಾಯಪ್ಪನ ವರದಿಯಲ್ಲಿ ಅದಕ್ಕೆ 'ಮಾರುಕಟ್ಟೆಯ ಪ್ರತಿಕೂಲ ವಾತಾವರಣ' ಎಂದಿತ್ತು. ಅದನ್ನು ಹೇಳಲು ಅಜ್ಜಿಗೆ ನಾಲಿಗೆ ಹೊರಳಲಿಲ್ಲ.

"ಅಸಹ್ಯವಾಗಿದೆ ಸಾರ್, ಅದಕ್ಕೆ. ಗೋಡೆಗೆ ಬಳಿದ್ರೆ ಮನೇಲಿರೋರೆಲ್ಲ ಕಾಯಿಲೆ ಬಿದ್ದೋರ ಹಾಗೆ ಕಾಣ್ತಾರೆ. ನಮ್ಮ ಪಕ್ಕದ ಮನೇಲಿ ಅದನ್ನೇ ಹೊಡೆಸಿದಾರೆ, ಬಂದ ನೆಂಟರು ಕೂರೋದೇ ಇಲ್ಲ."

ಕಂಪನಿಗೆ ಕಂಪನಿಯೇ ಉಸಿರು ಬಿಗಿಹಿಡಿಯಿತು. ಆ ಹಸಿರನ್ನು ಆರಿಸಿದ್ದು ಬೆಣ್ಣೆಮಾತಿನವನು. ಸಾಹೇಬರು ಅವನತ್ತ ಒಮ್ಮೆ ತಿರುಗಿ ನೋಡಿ, ಮೇಜು ಗುದ್ದಿದರು. "ಇದು! ಇದನ್ನ ಕೇಳೋಕೆ ನಾನು ವರ್ಷದಿಂದ ಕಾಯ್ತಿದ್ದೆ! ತಾನು ಬಾಯಿ ಮುಚ್ಕೊಂಡು ಕೆಳಗಿನೋರ ಕೈಲಿ ಮಾತಾಡಿಸ್ತಾನಲ್ಲ, ಅವನೇ ಕಣ್ರೀ ನಾಯಕ. ಡಿಪೋ ನಿಮ್ಮದು!"

ಕಾಯುವ ಕೋಣೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಊದಿದ ಕೆನ್ನೆಗಳೆಲ್ಲ ನಕ್ಕವು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಉಳಿತಾಯಪ್ಪನಿಗೆ ಗಾಜಿನ ಕ್ಯಾಬಿನ್ನು ಕಣ್ಣೆದುರು ಬಂದು ನಿಂತಿತು.

"ಡಿಪೋ ಎಲ್ಲಿ ಅಂತ ಇನ್ನೂ ಗೊತ್ತು ಮಾಡಿರಲಿಲ್ಲ," ಎಂದು ಸಾಹೇಬರು ಮುಂದುವರಿಸಿದರು. "ಈಗ ಗೊತ್ತಾಯ್ತು. ಅಲ್ಲೇ! ನೀವಿರೋ ಆಫೀಸಿನಲ್ಲೇ. ಬಾಡಿಗೆ ಇಲ್ಲ, ಇಂಟರ್ನೆಟ್ ಖರ್ಚಿಲ್ಲ, ಸಂಬಳ ಕೇಳದ ಸಿಬ್ಬಂದಿ. ಇಂಥದ್ದನ್ನ ಬಿಟ್ಟು ನಿಮ್ಮನ್ನ ಇಲ್ಲಿಗೆ ಕರೆಸಿಕೊಳ್ಳೋಕೆ ನಾನೇನು ದಡ್ಡನಾ? ದಿನಾ ಬೆಳಿಗ್ಗೆ ವಿಡಿಯೋದಲ್ಲಿ ಸಿಬ್ಬಂದಿ ಹಾಜರಿ ನಾನೇ ನೋಡ್ತೀನಿ. ಒಪ್ಪಿಗೆ ತಾನೇ?"

ಉಳಿತಾಯಪ್ಪನ ಜೀವ ಬಾಯಿಗೆ ಬಂತು, ಅಲ್ಲಿ ಹತ್ತಿ ಇತ್ತು. "ಉಂ! ಉಂ ಉಂ!" ಎಂದು ತಲೆಯನ್ನು ಅತ್ತಿಂದಿತ್ತ ಜೋರಾಗಿ ಆಡಿಸಲು ಹೊರಟು, ಮೊದಲು ಕೆಳಕ್ಕೆ ಬಾಗಿಸಿದ. ಅದೇ ಗಳಿಗೆಗೆ ವರ್ಷವಿಡೀ ನಡೆಯುವ ಅಗ್ಗದ ಇಂಟರ್ನೆಟ್ಟು ಗಕ್ಕನೆ ನಿಂತಿತು. ತಲೆ ಬಾಗಿಸಿದ ಉಳಿತಾಯಪ್ಪನ ಚಿತ್ರ ಕಂಪನಿಯ ದೊಡ್ಡ ಪರದೆಯ ಮೇಲೆ ಹಾಗೇ ಅಂಟಿಕೊಂಡಿತು. ವಿನಯಕ್ಕೆ ಮೂರ್ತಿ ಕೆತ್ತಿದಂತಿತ್ತು ಎಂದು ನೋಡಿದವರು ಆಮೇಲೆ ಹೇಳಿದರು. ಸಂಪರ್ಕ ಮತ್ತೆ ಬರುವಷ್ಟರಲ್ಲಿ ಆದೇಶಕ್ಕೆ ಸಹಿ ಬಿದ್ದಿತ್ತು.

ಮನೆಯಲ್ಲಿ ಆ ಸಂಜೆ ಸಂಭ್ರಮ. "ಅಳಿಯಂದ್ರು ಇನ್ನು ಇಲ್ಲೇ ಇರ್ತಾರೆ!" ಎಂದು ಅತ್ತೆ ಬೀದಿಗೆಲ್ಲ ಸಾರಿ ಬಂದರು. ಒಳಗೆ ಬಂದು ಕೂತ ಮೇಲೆ, ಕೊಂಚ ಸಣ್ಣ ದನಿಯಲ್ಲಿ, "ಇಲ್ಲೇ ಅಂದ್ರೆ... ನಮ್ಮ ಮನೇಲೇನಾ?" ಎಂದು ಮಗಳನ್ನು ಕೇಳಿದರು. ಷಡ್ಡಕ ಬಂದು ಪಕ್ಕದಲ್ಲಿ ಕೂತು ಭುಜ ತಟ್ಟಿದ. ಅಷ್ಟು ಹೊತ್ತಿಗೆ ಅವನಿಗೆ ಎಲ್ಲ ಗೊತ್ತಾಗಿತ್ತು; ಟೀಚರಮ್ಮ ಹೇಳಿದ್ದಕ್ಕೆ ಡಾಂಗಲ್ಲನ್ನು ಕೂಡಿಸಿ ಲೆಕ್ಕ ಹಾಕಿದ್ದ. "ಅಲ್ಲ ಭಾವ, ಪಾಸ್‌ವರ್ಡ್ ನಾನಾಗೇ ಕೊಡ್ತೀನಿ ಅಂದಿದ್ದೆ. ಆ ವೈ-ಫೈನ ವರ್ಷದ ಖರ್ಚು ಒಂದು ಹಲ್ಲಿಗೆ ಸುರಿದು ಬಂದ್ರಲ್ಲ! ಹೋಗಲಿ ಬಿಡಿ. ಮನೆ ಅಳಿಯ ಆಗೋದು ಅಷ್ಟೇನೂ ಕಷ್ಟ ಇಲ್ಲ, ನಾನು ಹೇಳಿಕೊಡ್ತೀನಿ." ಉಳಿತಾಯಪ್ಪನಿಗೆ ಅಳು ಬಂತು. ಆದರೆ ಅತ್ತರೆ ಹೊಲಿಗೆ ಬಿಚ್ಚುತ್ತದೆ ಎಂದು ಡಾಕ್ಟರು ಹೇಳಿದ್ದರು.

ಸೋಮವಾರ ಬೆಳಿಗ್ಗೆ ಸಾಹೇಬರು ಹಾಜರಿ ತೆಗೆಯುವ ಹೊತ್ತಿಗಿಂತ ಮುಂಚೆ ಡಿಪೋ ಮೇಲ್ವಿಚಾರಕರು ಲ್ಯಾಪ್‌ಟಾಪ್ ಹೊತ್ತು ಆಸ್ಪತ್ರೆಗೆ ಓಡಿದರು. ಸಿಬ್ಬಂದಿ ಕೆನ್ನೆ ಹಿಡಿದು ಸಾಲಾಗಿ ಕೂತಿತ್ತು. ಹಸಿರು ದೀಪಕ್ಕಾಗಿ ಡಾಂಗಲ್ ಚುಚ್ಚಿ ತಲೆಯೆತ್ತಿದಾಗ ಎದುರಿಗೆ ಡಾಕ್ಟರು ಬಂದು ನಿಂತರು.

"ನಿಮ್ಮ ಹಲ್ಲುನೋವು ವಾಸಿಯಾಯ್ತಲ್ಲ. ಮತ್ತೆ?"

ಉಳಿತಾಯಪ್ಪ ಕೈಮುಗಿದು, ಇದ್ದದ್ದೆಲ್ಲ ಹೇಳಿಕೊಂಡ. ಡಾಂಗಲ್ಲಿನಿಂದ ಹಿಡಿದು ಡಿಪೋದವರೆಗೆ ಒಂದನ್ನೂ ಬಿಡಲಿಲ್ಲ. ಡಾಕ್ಟರು ತಾಳ್ಮೆಯಿಂದ ಕೇಳಿದರು. ಅವರು ಕೆಟ್ಟವರಲ್ಲ.

"ಕಷ್ಟ ಅರ್ಥವಾಗುತ್ತೆ ಸ್ವಾಮಿ. ಆದ್ರೆ ಆ ಕುರ್ಚಿ ರೋಗಿಗಳಿಗೆ ಮಾತ್ರ. ನಾನು ಒಬ್ಬರಿಗೆ ಒಂದು ನಿಯಮ, ಇನ್ನೊಬ್ಬರಿಗೆ ಇನ್ನೊಂದು ಮಾಡೋಕಾಗಲ್ಲ," ಎಂದರು.

ಪರದೆಯ ಮೇಲೆ ಸಾಹೇಬರ ಕರೆ ಗಣಗಣ ಬಡಿದುಕೊಳ್ಳತೊಡಗಿತು. ಕೌಂಟರಿನವಳು ಹೊಸ ಚೀಟಿ ಬರೆಯಲು ಪೆನ್ನೆತ್ತಿ ಕೂತಳು. ಡಾಕ್ಟರು ಒಳಗಿನ ಕೋಣೆಯ ದೀಪ ಹಾಕಿದರು.

ಉಳಿತಾಯಪ್ಪ ಬಾಯಿ ತೆರೆದ.